ಚೊಗರಿನ ಕಲೆ

ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ ಶುರುವಾಗುವ ಮುನ್ನ ಅತ್ತೆಯವರು ಮಾಡುವ ಮೊದಲ ಕೆಲಸವೆಂದರೆ ಅಟ್ಟದ ಮೇಲಿನ ಪೆಟ್ಟಿಗೆಯಿಂದ ‘ಚೊಗರಿನ ಸೀರೆ’ಗಳನ್ನು ಕೆಳಗಿಳಿಸುವುದು. ಚೊಗರೆಂದರೆ ಅಡಿಕೆ ಬೇಯಿಸಿದ ಕೆಂಪು ರಸ. ಆ ಸೀರೆಗಳು ಕೊಳ್ಳುವಾಗ ಯಾವ ಬಣ್ಣದವಾಗಿದ್ದವೆಂಬುದು ಈಗ ಯಾರಿಗೂ ನೆನಪಿಲ್ಲ. ವರ್ಷವರ್ಷವೂ ಅಡಿಕೆ ಸುಲಿದು, ಬೇಯಿಸಿ, ಹರಡಿದ ಗುರುತಾಗಿ ಕಂದು, ಕೆಂಗಂದು, ಕಪ್ಪು ಕಲೆಗಳು ಒಂದರ ಮೇಲೊಂದು ಕುಳಿತು, ದೂರದಿಂದ ನೋಡಿದವರಿಗೆ ಅದೇ ಸೀರೆಯ ವಿನ್ಯಾಸವೆನಿಸುವಷ್ಟು ಹರಡಿಕೊಂಡಿವೆ. ಕುಮಟೆಯ ತವರಿನಿಂದ ಮದುವೆಯಾಗಿ ಶಿರಸಿಯ ಸಮೀಪದ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಇದೇನನ್ನೂ ತಿಳಿಯದೆ, ಹೊಸ ಚೂಡಿದಾರದಲ್ಲಿಯೇ ಅಡಿಕೆ ಬೇಯುವ ಹಂಡೆಯ ಪಕ್ಕದಲ್ಲಿ ನಿಂತು, ತೋಳಿನ ತುಂಬ ಚೊಗರು ಸಿಡಿಸಿಕೊಂಡಿದ್ದೆ. ಸಾಬೂನು, ಅಡುಗೆ ಸೋಡಾ, ಬಿಸಿಲು ಎಲ್ಲವನ್ನೂ ಪ್ರಯೋಗಿಸಿ ಸೋತು ಕುಳಿತಾಗ ಅತ್ತೆಯವರು, “ಚೊಗರು ಕಲೆ ಒಂದ್ಸಲ ಹತ್ತಿದ್ರೆ ಹೋಗ್ತಿಲ್ಲೆ ತಂಗಿ” ಎಂದಷ್ಟೇ ಹೇಳಿ ಒಳಗೆ ಹೋದರು. ಬಣ್ಣ ಹಾಕುವ ವಿದ್ಯೆಯ ಮೊದಲ ಪಾಠವನ್ನು ಅವರು ಅಂದೇ ಹೇಳಿಬಿಟ್ಟಿದ್ದರೆಂಬುದು ನನಗೆ ಹೊಳೆಯಲು ಕೆಲವು ವರ್ಷಗಳು ಬೇಕಾದವು.

ನೂಲಿಗೆ ನಾನೇ ಬಣ್ಣ ಹಾಕಬೇಕೆಂಬ ಹುಚ್ಚು ಹತ್ತಿದ್ದು ನನ್ನ ತಂಗಿ ಬಸುರಿಯಾದಾಗ. ಹುಟ್ಟುವ ಕೂಸಿಗೆ ಕುಲಾವಿ ಹೆಣೆಯಬೇಕೆಂದು ಪೇಟೆಗೆ ಹೋದರೆ, ಅಲ್ಲಿ ‘ಉಲ್ಲನ್’ ಎಂಬ ಹೆಸರಿನಲ್ಲಿ ಮಾರುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್ ಎಳೆಯೇ ಹೊರತು ಕುರಿಯ ಉಣ್ಣೆಯಲ್ಲವೆಂಬುದು ಚೀಟಿ ಓದಿದ ಮೇಲೆ ತಿಳಿಯಿತು. ನಮ್ಮ ಕಡೆ ಉಣ್ಣೆಯೆಂದರೆ ಕಂಬಳಿ. ಆದರೆ ದಖ್ಖನಿ ಕುರಿಯ ಆ ಉಣ್ಣೆ ಒರಟು ಮತ್ತು ಹೆಚ್ಚಾಗಿ ಕಪ್ಪು. ನೇಯುವಾಗ ಅದಕ್ಕೆ ಹುಣಸೆಬೀಜದ ಗಂಜಿಯನ್ನು ಬೇರೆ ಹಾಕುತ್ತಾರೆ. ಮಲೆನಾಡಿನ ಮಳೆಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲದಿದ್ದರೂ ಕೂಸಿನ ನೆತ್ತಿಗೆ ಅದು ಸಲ್ಲದು, ಬಣ್ಣವೂ ಅದರ ಮೇಲೆ ಕಾಣದು. ಕೊನೆಗೆ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಪರಿಚಯವಿದ್ದವರೊಬ್ಬರ ಮೂಲಕ ಬಣ್ಣ ಹಾಕದ ಬಿಳಿ ಉಣ್ಣೆ ನೂಲು ಒಂದು ಕಿಲೋ ದೊರೆಯಿತು. ಹೋಲಿಸಿ ನೋಡಲೆಂದು ಹುಬ್ಬಳ್ಳಿಯಿಂದ ಖಾದಿ ಹತ್ತಿ ನೂಲಿನ ನಾಲ್ಕು ಲಡಿಗಳನ್ನೂ ತರಿಸಿಕೊಂಡೆ.

ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕುದಿಸಿದೆ. ಅಂಗಳದ ಕೆಂಪು ದಾಸವಾಳ, ಬೇಲಿಯ ಮೇಲಿನ ನೀಲಿ ಶಂಖಪುಷ್ಪ, ತವರಿನಿಂದ ತಂದ ಮುರುಗಲ ಹಣ್ಣಿನ ಸಿಪ್ಪೆ. ಕಾರವಾರದ ಕಡೆಯವರು ಬಿರಿಂಡಾ ಎನ್ನುವ ಈ ಮುರುಗಲಿನ ಶರಬತ್ತಿನ ಬಣ್ಣವನ್ನು ಒಮ್ಮೆ ಲೋಟದಲ್ಲಿ ಕಂಡವರಿಗೆ, ಅದು ನೂಲಿಗೆ ಹತ್ತಲಾರದೆಂದು ನಂಬಿಸುವುದು ಕಷ್ಟ. ನನ್ನ ಲಡಿಯೂ ಪಾತ್ರೆಯಿಂದ ಹೊರಬಂದಾಗ ದಟ್ಟ ಗುಲಾಬಿಯಾಗಿಯೇ ಇತ್ತು. ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಮರುದಿನ ಬಟ್ಟೆ ಸಾಬೂನಿನಲ್ಲಿ ಒಂದು ಸಲ ಅದ್ದಿದೆನೋ ಇಲ್ಲವೋ, ಗುಲಾಬಿ ಮಾಯವಾಗಿ ಬೂದಿಯಂಥ, ಎಲ್ಲೋ ಸ್ವಲ್ಪ ಹಸಿರು ಸುಳಿದಂಥ ಒಂದು ಮೈಲಿಗೆ ಬಣ್ಣ ಉಳಿಯಿತು. ಮುರುಗಲು, ದಾಸವಾಳ, ಶಂಖಪುಷ್ಪ ಈ ಮೂರರಲ್ಲಿಯೂ ಇರುವುದು ಆಂಥೋಸಯನಿನ್ ಎಂಬ ಒಂದೇ ಕುಲದ ವರ್ಣದ್ರವ್ಯ. ಹುಳಿ ಸೇರಿದರೆ ಅದು ಕೆಂಪಾಗುತ್ತದೆ, ಕ್ಷಾರ ಸೇರಿದರೆ ನೀಲಿ, ಹಸಿರುಗಳತ್ತ ಹೊರಳುತ್ತದೆ, ಬೆಳಕಿಗಂತೂ ನಿಲ್ಲುವುದೇ ಇಲ್ಲ. ಮುರುಗಲ ಹಣ್ಣು ತನ್ನ ಹುಳಿಯಿಂದಲೇ ತನ್ನ ಕೆಂಪನ್ನು ಕಾಯ್ದುಕೊಂಡಿರುತ್ತದೆ. ನಾನು ಸಾಬೂನಿನ ಕ್ಷಾರದಿಂದ ಆ ಕಾವಲನ್ನು ಕಿತ್ತು ಹಾಕಿದ್ದೆ.

ಅರಿಶಿನದ ಕಥೆ ಇನ್ನೊಂದು ಬಗೆಯದು. ಅದು ಯಾರ ಹಂಗೂ ಇಲ್ಲದೆ ಹತ್ತಿಗೂ ಉಣ್ಣೆಗೂ ನೇರವಾಗಿ ಹಿಡಿಯುತ್ತದೆ. ಆರತಿಯ ತಟ್ಟೆಯಲ್ಲಿ ಸುಣ್ಣ ಸೇರಿದೊಡನೆ ಅರಿಶಿನದ ನೀರು ಕೆಂಪಾಗುವುದನ್ನು ನಾವೆಲ್ಲ ನೋಡಿಯೇ ಬೆಳೆದವರಾದ್ದರಿಂದ, ಸಾಬೂನು ತಗಲಿದ ಕಡೆ ನೂಲು ಕೆಂಪಾದಾಗ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಕಿಟಕಿಯ ಪರೀಕ್ಷೆಯಲ್ಲಿ. ಪ್ರತಿಯೊಂದು ಬಣ್ಣದ ನೂಲನ್ನೂ ಒಂದು ರಟ್ಟಿನ ಪಟ್ಟಿಗೆ ಸುತ್ತಿ, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ತೆಂಕಣ ದಿಕ್ಕಿನ ಕಿಟಕಿಯಲ್ಲಿ ನಿಲ್ಲಿಸಿ ಹದಿನೈದು ದಿನಗಳ ಮೇಲೆ ಕಾಗದ ತೆಗೆದು ನೋಡುವುದು ನಾನು ಹಿಡಿದ ಕ್ರಮ. ಅರಿಶಿನದ ಪಟ್ಟಿಯಲ್ಲಿ ಮುಚ್ಚಿದ ಭಾಗ ಮದುಮಗಳ ಕೆನ್ನೆಯಂತಿದ್ದರೆ, ತೆರೆದ ಭಾಗ ಹಳೆಯ ಪಂಚೆಯಂತೆ ಬಿಳಿಚಿಹೋಗಿತ್ತು. ಬಣ್ಣ ಹಾಕಿದ ದಿನದ ಚೆಂದವನ್ನು ನಂಬಬಾರದೆಂದು ಅಂದಿನಿಂದ ನಿಶ್ಚಯಿಸಿದೆ. ಇಂದಿಗೂ ಯಾವ ಹೊಸ ಬಣ್ಣವನ್ನೂ ಕಿಟಕಿಯಲ್ಲಿ ನಿಲ್ಲಿಸದೆ ಹೆಣಿಗೆಗೆ ತೆಗೆದುಕೊಳ್ಳುವುದಿಲ್ಲ.

ಸಸ್ಯಗಳ ಬಣ್ಣಗಳಲ್ಲಿ ಹೆಚ್ಚಿನವು ತಾವಾಗಿ ಎಳೆಯ ಮೇಲೆ ನಿಲ್ಲವು; ಎಳೆಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವ ಮೂರನೆಯ ಪದಾರ್ಥವೊಂದು ಬೇಕು. ಅದಕ್ಕೆ ಮಾರ್ಡೆಂಟ್ ಎನ್ನುತ್ತಾರೆ. ಫ್ರೆಂಚಿನಲ್ಲಿ ಕಚ್ಚುವುದು ಎಂಬರ್ಥದ ಪದದಿಂದ ಬಂದ ಹೆಸರದು. ‘ಬಣ್ಣ ಚೆನ್ನಾಗಿ ಕಚ್ಚಿದೆ’ ಎಂದು ನಾವು ಆಡುವ ಮಾತಿಗೂ ಅದಕ್ಕೂ ಏನೂ ದೂರವಿಲ್ಲ. ಉಣ್ಣೆ ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆಯಾದ್ದರಿಂದ ಪಟಿಕವನ್ನು ಸಲೀಸಾಗಿ ಹೀರಿಕೊಳ್ಳುತ್ತದೆ. ನೂರು ಗ್ರಾಂ ಒಣ ನೂಲಿಗೆ ಹದಿನೈದು ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಮೊದಲೇ ನೆನೆಸಿಟ್ಟ ನೂಲನ್ನು ಅದರಲ್ಲಿಳಿಸಿ, ಕುದಿಯಲು ಬಿಡದೆ ಒಂದು ಗಂಟೆ ಸಣ್ಣ ಉರಿಯಲ್ಲಿಟ್ಟು, ಅದೇ ನೀರಿನಲ್ಲಿ ರಾತ್ರಿಯಿಡೀ ತಣಿಯಲು ಬಿಟ್ಟರೆ ಸಾಕು. ಹತ್ತಿ ಹಾಗಲ್ಲ. ಅದು ಸೆಲ್ಯುಲೋಸಿನ ಎಳೆ, ಪಟಿಕವನ್ನು ಅಷ್ಟಾಗಿ ಹಿಡಿದಿಟ್ಟುಕೊಳ್ಳದು. ಮೊದಲು ವಾಷಿಂಗ್ ಸೋಡಾದಲ್ಲಿ ಎರಡು ಗಂಟೆ ಕುದಿಸಿ ಅದರ ಮೇಣವನ್ನು ತೆಗೆಯಬೇಕು; ಆಮೇಲೆ ಅಳಲೆಕಾಯಿಯ ಪುಡಿಯಂಥ ಒಗರು ಪದಾರ್ಥವನ್ನು ನೂರಕ್ಕೆ ಇಪ್ಪತ್ತರಂತೆ ತೆಗೆದುಕೊಂಡು ಅದರ ನೀರಿನಲ್ಲಿ ನೆನೆಸಬೇಕು; ಆ ಬಳಿಕವೇ ಪಟಿಕ. ಒಗರಿನ ಟ್ಯಾನಿನ್ ಹತ್ತಿಗೆ ಅಂಟುತ್ತದೆ, ಪಟಿಕ ಟ್ಯಾನಿನ್ನಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ ಅಂಟುತ್ತದೆ.

ಉಣ್ಣೆಯನ್ನು ಅದೇ ನೀರಿನಲ್ಲಿ ತಣಿಯಲು ಬಿಡಬೇಕೆಂದು ಬರೆದದ್ದರ ಹಿಂದೆ ನಷ್ಟವೊಂದಿದೆ. ಮೊದಲ ಸಲ ಅವಸರದಲ್ಲಿ ಬಿಸಿ ಪಾತ್ರೆಯಿಂದ ಎತ್ತಿದ ಲಡಿಯನ್ನು ನೇರವಾಗಿ ಬಾವಿಯ ತಣ್ಣೀರಿಗೆ ಹಾಕಿ ತಿಕ್ಕಿದ್ದರಿಂದ ಎಳೆಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು, ಲಡಿ ಹೋಗಿ ಹಗ್ಗವಾಯಿತು. ಅದನ್ನೀಗ ಬಿಸಿ ಪಾತ್ರೆಯ ಹಿಡಿಯಾಗಿ ಬಳಸುತ್ತಿದ್ದೇನೆ.

ಅಳಲೆಕಾಯಿಯನ್ನು ಗ್ರಂಥಿಗೆ ಅಂಗಡಿಯಿಂದ ಕೊಂಡು ತಂದು ಕುಟ್ಟುತ್ತಿದ್ದ ಒಂದು ಸಂಜೆ, ಟ್ಯಾನಿನ್ ಎಂಬ ಪದದ ಮುಂದೆ ಕನ್ನಡದಲ್ಲಿ ಏನು ಬರೆದುಕೊಳ್ಳಲಿ ಎಂದು ಯೋಚಿಸುತ್ತಿದ್ದಾಗ ಅತ್ತೆಯವರ ಮಾತು ನೆನಪಾಯಿತು. ನಮ್ಮ ಕಡೆ ಒಗರು ರುಚಿಗೂ ಚೊಗರು ಎನ್ನುತ್ತಾರೆ, ಅಡಿಕೆ ಬೇಯಿಸಿದ ಕೆಂಪು ರಸಕ್ಕೂ ಚೊಗರು ಎನ್ನುತ್ತಾರೆ. ನಾಲಿಗೆಯನ್ನು ಹಿಡಿಯುವುದೂ ಬಟ್ಟೆಯನ್ನು ಹಿಡಿಯುವುದೂ ಒಂದೇ ಪದಾರ್ಥವೆಂಬುದನ್ನು ಭಾಷೆ ಎಂದೋ ಕಂಡುಕೊಂಡಿತ್ತು. ಮನೆಯ ಹಿತ್ತಿಲಿನಲ್ಲಿ ವರ್ಷಕ್ಕೆ ಹಂಡೆಗಟ್ಟಲೆ ಕುದಿಯುವ ಬಣ್ಣವನ್ನು ಬಿಟ್ಟು ನಾನು ದಾಸವಾಳದ ಹಿಂದೆ ಬಿದ್ದಿದ್ದೆ.

ಕರಾವಳಿಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಚಾಲಿ ಅಡಿಕೆಯೆಂದರೆ ಹಣ್ಣಾದ ಅಡಿಕೆಯನ್ನು ಸಿಪ್ಪೆಸಹಿತ ಒಣಗಿಸಿ ಆಮೇಲೆ ಸುಲಿಯುವುದು; ಅದರಲ್ಲಿ ಬೇಯಿಸುವ ಪ್ರಶ್ನೆಯಿಲ್ಲ. ಕೆಂಪಡಿಕೆಗೆ ಹಾಗಲ್ಲ. ಕೊನೆಗೌಡರು ಇಳಿಸಿದ ಹಸಿ ಅಡಿಕೆಯನ್ನು ಮೆಟ್ಟುಗತ್ತಿಯಲ್ಲಿ ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಬಿಸಿಲಿನಲ್ಲಿ ಹರಡುತ್ತಾರೆ. ಒಂದು ಸರತಿ ಬೆಂದ ನೀರನ್ನು ಚೆಲ್ಲದೆ ಅದರಲ್ಲಿಯೇ ಮುಂದಿನ ಸರತಿಯನ್ನೂ ಬೇಯಿಸುವುದರಿಂದ, ನಾಲ್ಕಾರು ಸರತಿಗಳ ಹೊತ್ತಿಗೆ ಅದು ಪಾನಕದಂತೆ ಮಂದವಾಗಿ, ಅಡಿಕೆಗೆ ಆ ಹೊಳೆಯುವ ಕೆಂಪನ್ನು ಕೊಡುವ ಚೊಗರಾಗುತ್ತದೆ. ಅದನ್ನು ಮುಂದಿನ ವರ್ಷಕ್ಕೆಂದು ಕಾಯ್ದಿಡುವ ಮನೆಗಳೂ ಇವೆ. ನಾನೇನೂ ಹೊಸದನ್ನು ಕಂಡುಹಿಡಿದವಳಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯ ‘ಚರಕ’ದವರು ಅಡಿಕೆ ಚೊಗರಿನಿಂದ ಬಣ್ಣ ಹಾಕಿದ ಕೈಮಗ್ಗದ ಬಟ್ಟೆಯನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ನೈಲಾನ್ ಬರುವ ಮೊದಲು ನಮ್ಮ ಕರಾವಳಿಯ ಮೀನುಗಾರರು ನೂಲಿನ ಬಲೆ ಕೊಳೆಯದಿರಲೆಂದು ಅದನ್ನು ಮರದ ತೊಗಟೆಯ ಒಗರು ಕಷಾಯದಲ್ಲಿ ಅದ್ದುತ್ತಿದ್ದುದೂ ಇದೇ ವಿದ್ಯೆಯ ಇನ್ನೊಂದು ಮುಖ.

ಆ ವರ್ಷದ ಕೊಯ್ಲಿನಲ್ಲಿ ಎರಡು ಲೀಟರ್ ಚೊಗರನ್ನು ಬೇಡಿ ಪಡೆದೆ. ಬೇಡಿ ಎಂದದ್ದು ಏಕೆಂದರೆ, ಅಡಿಕೆಗೆ ಬಣ್ಣ ಕಡಿಮೆಯಾದೀತೆಂದು ಮಾವನವರಿಗೆ ಅಳುಕಿತ್ತು. ಸೋಡಾದಲ್ಲಿ ಬೇಯಿಸಿದ ಹತ್ತಿ ಲಡಿಯನ್ನು, ಅಳಲೆಯೂ ಇಲ್ಲದೆ ಪಟಿಕವೂ ಇಲ್ಲದೆ, ಚೊಗರಿನಲ್ಲಿ ಒಂದು ಗಂಟೆ ಬಿಸಿ ಮಾಡಿ, ಅದರಲ್ಲಿಯೇ ರಾತ್ರಿ ಕಳೆಯಲು ಬಿಟ್ಟೆ. ಬೆಳಿಗ್ಗೆ ಹಿಂಡಿ ನೆರಳಿನಲ್ಲಿ ಹರವಿದಾಗ ಹೊಸ ಮಡಕೆಯಂಥ ಕಂದು. ಅದರಲ್ಲಿ ಒಂದು ತುದಿಯನ್ನು ತಿಳಿಯಾದ ಸುಣ್ಣದ ನೀರಿನಲ್ಲಿ ಅದ್ದಿದೆ. ನೋಡನೋಡುತ್ತಿದ್ದಂತೆ ಕಂದು ಕೆಂಪಿಗೆ ತಿರುಗಿತು. ಕವಳ ಹಾಕುವವರ ಬಾಯಲ್ಲಿ ದಿನವೂ ನಡೆಯುವ ರಸಾಯನಶಾಸ್ತ್ರವೇ ಇದು: ಅಡಿಕೆಯ ಒಗರಿಗೆ ಸುಣ್ಣದ ಕ್ಷಾರ ಸೇರಿದಾಗ ಹುಟ್ಟುವ ಕೆಂಪು. ಕಿಟಕಿಯಲ್ಲಿ ಹದಿನೈದು ದಿನ ಬಿಟ್ಟರೂ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಇದ್ದ ವ್ಯತ್ಯಾಸವೆಂದರೆ, ತೆರೆದ ಭಾಗ ಮಾಸುವ ಬದಲು ಇನ್ನಷ್ಟು ಗಾಢವಾಗಿದ್ದುದು. ಗಾಳಿ ಬೆಳಕುಗಳ ಸಂಗದಲ್ಲಿ ಈ ಒಗರು ಪದಾರ್ಥಗಳು ಕಪ್ಪೇರುತ್ತ ಹೋಗುತ್ತವೆ.

ಚೊಗರಿನ ಮೂರನೆಯ ಬಣ್ಣ ಕಬ್ಬಿಣದಿಂದ ಬರುವಂಥದು. ಅಡಿಕೆ ಸುಲಿಯುವವರ ಬೆರಳುಗಳು ಸುಗ್ಗಿ ಮುಗಿಯುವವರೆಗೂ ಕಪ್ಪಾಗಿರುವುದಕ್ಕೆ ಕತ್ತಿಯ ಕಬ್ಬಿಣವೂ ಹಸಿ ಅಡಿಕೆಯ ಒಗರೂ ಕೂಡುವುದೇ ಕಾರಣ. ಹಿಂದೆ ಬರೆಯುವ ಮಸಿ ತಯಾರಾಗುತ್ತಿದ್ದುದೂ ಇದೇ ಜೋಡಿಯಿಂದ. ತುಕ್ಕು ಹಿಡಿದ ಮೊಳೆಗಳನ್ನೂ ಮುರಿದ ಕತ್ತಿಯ ಚೂರನ್ನೂ ಬೆಲ್ಲದ ನೀರಿನಲ್ಲಿ ಹದಿನೈದು ದಿನ ಹುಳಿಯಲು ಬಿಟ್ಟು ಕಬ್ಬಿಣದ ನೀರನ್ನು ಮಾಡಿಕೊಳ್ಳುವ ಹಳೆಯ ಪದ್ಧತಿಯಿದೆ. ನನಗೆ ತಾಳ್ಮೆಯಿಲ್ಲದೆ ಕಬ್ಬಿಣದ ಲವಣವಾದ ಅನ್ನಭೇದಿಯನ್ನು ಕೊಂಡು ತಂದೆ. ಚೊಗರು ಹಾಕಿದ ನೂಲು ಅನ್ನಭೇದಿಯ ನೀರಿಗೆ ಇಳಿದ ಕ್ಷಣದಲ್ಲಿಯೇ ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಉಬ್ಬಿಹೋಗಿ, ಇನ್ನೂ ಕಪ್ಪಾಗಲಿ ಎಂದು ಮತ್ತೊಂದು ಚಮಚ, ಅದರ ಮೇಲೊಂದು ಚಮಚ ಸುರಿದೆ. ನಿಜಕ್ಕೂ ಒಳ್ಳೆಯ ಕಪ್ಪು ಬಂತು. ಆದರೆ ಆರು ತಿಂಗಳ ಮೇಲೆ ಆ ನೂಲಿನಲ್ಲಿ ಹೆಣೆಯಲು ಕುಳಿತರೆ ಎಳೆ ಒಣ ಬಾಳೆಪಟ್ಟೆಯಂತೆ ಪಟಪಟನೆ ಹರಿಯತೊಡಗಿತು. ಹೆಚ್ಚಾದ ಕಬ್ಬಿಣ ಎಳೆಯನ್ನೇ ತಿನ್ನುತ್ತದೆ. ಹಳೆಯ ಬಟ್ಟೆಗಳಲ್ಲಿ ಕಬ್ಬಿಣದ ಕಪ್ಪು ಇರುವ ಜಾಗವೇ ಎಲ್ಲಕ್ಕಿಂತ ಮೊದಲು ಜೀರ್ಣವಾಗಿ ತೂತು ಬೀಳುವುದೂ ಇದರಿಂದಲೇ. ಈಗ ನೂರು ಗ್ರಾಂ ನೂಲಿಗೆ ಎರಡು ಗ್ರಾಂ ಮೀರದಂತೆ, ಚಿನ್ನ ತೂಗುವವರ ಹಾಗೆ ತೂಗಿ ಹಾಕುತ್ತೇನೆ. ಈ ಕಪ್ಪಿಗೆ ಹುಳಿಯ ಭಯವೂ ಉಂಟು. ಒಂದು ಬೇಸಿಗೆಯ ಮಧ್ಯಾಹ್ನ ಹೆಣೆಯುತ್ತ ಕುಳಿತಾಗ ಮುರುಗಲ ಶರಬತ್ತಿನ ಎರಡು ಹನಿಗಳು ಬೂದು ನೂಲಿನ ಮೇಲೆ ಬಿದ್ದು, ಅಲ್ಲಿಯ ಕಪ್ಪು ಕರಗಿ ತಿಳಿಗಂದು ಬೊಟ್ಟುಗಳಾದವು. ಕೈಯ ಚೊಗರಿಗೆ ನಿಂಬೆಹಣ್ಣು ತಿಕ್ಕುವ ಉಪಾಯವನ್ನು ಬಲ್ಲ ಅತ್ತೆಯವರು ಇದನ್ನು ನೋಡಿ ನಕ್ಕರು.

ಹಳದಿಗೆ ಬಹಳ ಹುಡುಕಬೇಕಾಗಲಿಲ್ಲ. ಊರಿನ ಆಚಾರಿಯವರು ಹಲಸಿನ ಮರದಲ್ಲಿ ದೇವರ ಮಣೆ ಮಾಡುತ್ತಿದ್ದಾಗ ಬಿದ್ದ ಹೊಟ್ಟನ್ನು ಒಂದು ಚೀಲ ತುಂಬಿಸಿಕೊಂಡು ಬಂದೆ. ಹಲಸಿನ ಮರದ ಗಟ್ಟಿ ತಿರುಳಿನಲ್ಲಿ ಮೋರಿನ್ ಎಂಬ ಹಳದಿ ಪದಾರ್ಥವಿದೆ. ಶ್ರೀಲಂಕಾ, ಥಾಯ್ಲೆಂಡ್‌ಗಳ ಕಡೆಯ ಭಿಕ್ಕುಗಳ ಚೀವರಕ್ಕೆ ಬಣ್ಣ ಕಟ್ಟಲು ಬಳಸುತ್ತ ಬಂದದ್ದು ಇದನ್ನೇ. ನೂಲಿನಷ್ಟೇ ತೂಕದ ಹೊಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕುದಿಸಿ ಸೋಸಿ, ಪಟಿಕ ಹಿಡಿಸಿದ ಉಣ್ಣೆಯನ್ನು ಅದಕ್ಕೆ ಹಾಕಿದರೆ ಜೇನಿನಂಥ ಹಳದಿ ಬರುತ್ತದೆ. ಗಂಟು ಕಟ್ಟದೆ ಹೊಟ್ಟನ್ನು ಹಾಗೆಯೇ ಸುರಿದವರು ಉಣ್ಣೆಯಿಂದ ಸಿಬಿರು ಆರಿಸುತ್ತ ಒಂದು ವಾರ ಕೂರಬೇಕಾಗುತ್ತದೆ, ನಾನು ಕೂತಿದ್ದೇನೆ. ದೀಪಾವಳಿಯ ಮಾರನೆಯ ದಿನ ಬಾಗಿಲುಗಳಿಂದ ಬಿಚ್ಚಿದ ಗೊಂಡೆ ಹೂವಿನ ಮಾಲೆಗಳೂ ಒಳ್ಳೆಯ ಹಳದಿಯನ್ನೇ ಕೊಡುತ್ತವೆ, ಹೂಗಳಲ್ಲಿ ನಾನು ನಂಬುವುದು ಅದೊಂದನ್ನೇ. ಬೇಸಿಗೆಯಲ್ಲಿ ಕುಮಟೆಯ ಹೆದ್ದಾರಿಯ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿಯನ್ನು ತವರಿನವರು ಕಳಿಸುತ್ತಾರೆ. ಅದರ ಒಣ ಸಿಪ್ಪೆಯಿಂದ ಬಂದದ್ದು ಕಿತ್ತಳೆಯ ಛಾಯೆಯ ಹಳದಿ. ಸಿಪ್ಪೆ ಹಗುರವಾದ್ದರಿಂದ ಐವತ್ತು ಗ್ರಾಂ ಕೂಡಿಸುವಷ್ಟರಲ್ಲಿ ಮನೆಯಲ್ಲಿ ಎರಡು ತಿಂಗಳು ಈರುಳ್ಳಿ ಹುಳಿಯೇ ನಡೆಯಿತು. ಸಾಗವಾನಿಯ ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಕೆಂಪು ಮಾಡಿಕೊಳ್ಳುವುದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಆಟ. ಆ ಎಲೆಯಿಂದ ಉಣ್ಣೆಗೆ ಬಂದ ಮಣ್ಣುಗೆಂಪು ನನಗೆ ಮೆಚ್ಚುಗೆಯಾಯಿತಾದರೂ ಒಂದೊಂದು ಸಲವೂ ಒಂದೊಂದು ಬಗೆಯಾಗಿ ಬರುತ್ತದೆ.

ಹಸಿರು ಬೇಕೆಂದು ನಾನು ಗೊಣಗುತ್ತಿದ್ದುದನ್ನು ಕೇಳಿದ ಮಾವನವರು ಒಂದು ದಿನ ಮೈಲುತುತ್ತದ ಪೊಟ್ಟಣವನ್ನು ತಂದು ಮುಂದಿಟ್ಟರು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ. ಆದ್ದರಿಂದ ತೋಟದ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ತಾಮ್ರದ ಆ ಲವಣ ಹಳದಿಯನ್ನು ಹಸಿರಿನ ಕಡೆಗೆ ಎಳೆಯುವುದು ನಿಜ. ಆದರೆ ಅದು ವಿಷ. ಕೂಸು ಬಾಯಿಗೆ ಹಾಕಿಕೊಳ್ಳಬಹುದಾದ ಕುಲಾವಿಯ ದಾರಕ್ಕೆ ಅದು ಬೇಡವೆಂದು ಪೊಟ್ಟಣವನ್ನು ಮರಳಿಸಿದೆ. ಹಲಸಿನ ಹಳದಿಗೆ ಚಿಟಿಕೆ ಕಬ್ಬಿಣ ತೋರಿಸಿದರೆ ಬರುವ ಪಾಚಿಹಸಿರಿನಲ್ಲಿಯೇ ನನಗೆ ತೃಪ್ತಿ. ಬಣ್ಣದ ಪಾತ್ರೆ, ಸೌಟು, ಜರಡಿಗಳನ್ನು ಅಡುಗೆಮನೆಯಿಂದ ಬೇರೆ ಮಾಡಿ ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದೇನೆ. ಪಾತ್ರೆ ಸ್ಟೀಲಿನದೇ ಆಗಬೇಕು; ಕಬ್ಬಿಣದ ಬಾಣಲೆಯೂ ತಾಮ್ರದ ಹಂಡೆಯೂ ತಮ್ಮ ಪಾಲನ್ನು ಕೇಳದೆಯೇ ಬೆರೆಸುತ್ತವೆ. ಪಟಿಕದ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಕೂಡದೆಂಬುದು ಅತ್ತೆಯವರ ಕಟ್ಟಪ್ಪಣೆ.

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನಾನೀಗ ಬಣ್ಣದ ಕೆಲಸಕ್ಕೆ ಕೈ ಹಾಕುವುದಿಲ್ಲ. ಒಂದು ಆಷಾಢದಲ್ಲಿ, ವಾರವಾದರೂ ಆರದ ಹಲಸಿನ ಹಳದಿಯ ಲಡಿಗಳನ್ನು ಬಚ್ಚಲ ಒಲೆಯ ಮೇಲಿನ ತಂತಿಗೆ ತೂಗುಹಾಕಿದ್ದೆ. ಆರಿದವೇನೋ ಸರಿ, ಆದರೆ ಹೊಗೆ ಕುಡಿದು ಹಳದಿಯ ಮೇಲೊಂದು ಮಂಕು ಕವಿಯಿತು, ಮೂರು ಸಲ ಅಂಟುವಾಳದಲ್ಲಿ ತೊಳೆದರೂ ಹಪ್ಪಳದ ಡಬ್ಬಿಯಂಥ ವಾಸನೆ ಹೋಗಲಿಲ್ಲ. ಆ ನೂಲಿನಲ್ಲಿ ನನಗಾಗಿಯೇ ಒಂದು ಶಾಲು ಹೆಣೆದುಕೊಂಡೆ.

ತಂಗಿಯ ಮಗನಿಗೆ ಕಳಿಸಿದ ಕುಲಾವಿ ಹಲಸಿನ ಹಳದಿಯದು, ಅಂಚಿಗೆ ಮೂರು ಸುತ್ತು ಚೊಗರಿನ ಕೆಂಪು ಹತ್ತಿ. ಅಂಟುವಾಳದಲ್ಲಿ ತಣ್ಣೀರಿನಲ್ಲಿ ಮಾತ್ರ ತೊಳೆಯಬೇಕೆಂದು ಚೀಟಿ ಬರೆದಿಟ್ಟಿದ್ದೆ. ಕೂಸಿರುವ ಮನೆಯಲ್ಲಿ ಚೀಟಿ ಓದುವವರಾರು, ಅವಳು ಎಲ್ಲದರ ಜೊತೆಗೆ ಮಷಿನ್ನಿಗೆ ಹಾಕಿದಳು. ಕುಲಾವಿ ಒಂದು ಬೆರಳಿನಷ್ಟು ಸಣ್ಣದಾಯಿತು, ಹಳದಿ ಸ್ವಲ್ಪ ತಿಳಿಯಾಯಿತು. ಅಂಚು ಕಳಿಸಿದ ದಿನಕ್ಕಿಂತ ಗಾಢವಾಗಿದೆಯೆಂದು ಅವಳೇ ಫೋಟೊ ತೆಗೆದು ಕಳಿಸಿದ್ದಾಳೆ. ಅತ್ತೆಯವರು ಕನ್ನಡಕ ಹಾಕಿಕೊಂಡು ಆ ಫೋಟೊವನ್ನು ಬಹಳ ಹೊತ್ತು ನೋಡಿ, ಈ ಸಲದ ಕೊಯ್ಲಿಗೆ ಚೊಗರನ್ನು ಎರಡು ಲೀಟರಿನ ಬದಲು ಒಂದು ಕೊಡ ತೆಗೆದಿಡಬೇಕೆಂದು ಮಾವನವರಿಗೆ ಹೇಳಿದರು. ಕೊಡ ಸ್ಟೀಲಿನದಿರಲಿ ಎಂದು ನಾನು ಸೇರಿಸಿದೆ.